ಜಂಬ, ಬಡಾಯಿ, ಡೌಲು, ಶೋಕಿ: ಯಾವ ಪದ ಎಲ್ಲಿ ಹಾಕಬೇಕು?

‘ಶೋ ಆಫ್ ಮಾಡ್ತಾನೆ ಅನ್ನೋದಕ್ಕೆ ಸರಿಯಾದ ಕನ್ನಡ ಪದ ಯಾವುದು?’ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಕಥೆ ಬರೆಯುವವರಿದ್ದಾರೆ, ಸಬ್‌ಟೈಟಲ್ ಮಾಡುವವರಿದ್ದಾರೆ, ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಒದ್ದಾಡುವ ಅಪ್ಪ ಅಮ್ಮಂದಿರೂ ಇದ್ದಾರೆ. ಒಂದು ಪದ ಹೇಳಿ ಕಳಿಸೋಣ ಅಂದರೆ ಆಗುವುದಿಲ್ಲ. ಜಂಬ, ಬಡಾಯಿ, ಡೌಲು, ಶೋಕಿ, ಗತ್ತು, ಠೀವಿ, ಬಿಂಕ, ಆಡಂಬರ, ದೌಲತ್ತು, ಧಿಮಾಕು, ಸೋಗು, ಪೋಸು, ಬಿಲ್ಡಪ್ಪು ಅಂತ ಪಟ್ಟಿ ಉದ್ದಕ್ಕೆ ಹೋಗುತ್ತದೆ, ಮತ್ತು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಹೊಗಳಲು ಹೊರಟವರು ಬೈದಂತಾಗುತ್ತದೆ.

ನಿಘಂಟು ತೆಗೆದರೆ ಬಗೆಹರಿಯುತ್ತದೆ ಅಂದುಕೊಳ್ಳಬೇಡಿ. ಜಂಬ ಅಂದರೆ ಗರ್ವ, ಗರ್ವ ಅಂದರೆ ಅಹಂಕಾರ, ಅಹಂಕಾರ ಅಂದರೆ ಮತ್ತೆ ಜಂಬ ಅಂತ ಸುತ್ತಿಸಿ ಹೊರಟಲ್ಲಿಗೇ ತಂದು ಬಿಡುತ್ತದೆ. ಅದಕ್ಕೇ ಈ ದಾರಿ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿ ಏನಿರಬೇಕು

ನಿಮ್ಮ ವಾಕ್ಯ ಇರಬೇಕು. ಬರೀ ಪದ ಹಿಡಿದುಕೊಂಡು ಬಂದರೆ ಏನೂ ಮಾಡಲಾಗದು. ಆ ವಾಕ್ಯವನ್ನು ಯಾರು ಹೇಳುತ್ತಿದ್ದಾರೆ, ಯಾರ ಬಗ್ಗೆ, ಯಾರ ಎದುರಿಗೆ ಅನ್ನುವುದು ಗೊತ್ತಿರಬೇಕು. ಪಕ್ಕದಲ್ಲಿ ಕಿಟ್ಟೆಲ್ ನಿಘಂಟು ಇದ್ದರೆ ಒಳ್ಳೆಯದು. 1894ರದ್ದಾದರೂ ಅದರಲ್ಲಿ ಗಾದೆಗಳು, ಬಳಕೆಯ ವಾಕ್ಯಗಳು ಜಾಸ್ತಿ ಇವೆ, ನಮಗೆ ಬೇಕಾಗಿರುವುದು ಅರ್ಥಕ್ಕಿಂತ ಅವೇ.

ಮುಂದೆ ಎರಡು ಮಾತು ಪದೇ ಪದೇ ಬರುತ್ತವೆ. ‘ಛಾಯೆ’ ಅಂದರೆ ಪದದ ಮುಖ್ಯ ಅರ್ಥಕ್ಕೆ ಅಂಟಿಕೊಂಡು ಬರುವ ಭಾವ: ಮೆಚ್ಚುಗೆ, ತಾತ್ಸಾರ, ತಮಾಷೆ ಹೀಗೆ. ‘ಜೊತೆಪದ’ ಅಂದರೆ ರೂಢಿಯಲ್ಲಿ ಒಂದು ಪದದ ಪಕ್ಕ ಬಂದು ಕೂರುವ ಇನ್ನೊಂದು ಪದ. ‘ಬುರುಡೆ’ ಬಂತು ಅಂದರೆ ಹಿಂದೆಯೇ ‘ಬಿಡು’ ಬರಬೇಕು, ‘ಬುರುಡೆ ಮಾಡಿದ’ ಅಂತ ಯಾರೂ ಅನ್ನುವುದಿಲ್ಲ.

1. ನೋಡುವವರನ್ನು ತೆಗೆದು ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಅಹಂಕಾರಕ್ಕೂ ತೋರಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ, ಆದರೆ ಎರಡಕ್ಕೂ ಒಂದೇ ಡಬ್ಬದಿಂದ ಪದ ತೆಗೆಯುತ್ತಾರೆ.

ಆ ಮನುಷ್ಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದಾನೆ ಅಂದುಕೊಳ್ಳಿ. ನಿಮ್ಮ ಪದ ಹೇಳುವ ಗುಣ ಆಗಲೂ ಅವನಲ್ಲಿ ಇರುತ್ತದಾ? ಇರುತ್ತದೆ ಅಂದರೆ ಅದು ಗುಣದ ಪದ: ಅಹಂಕಾರ, ಗರ್ವ, ಸೊಕ್ಕು, ಕೊಬ್ಬು, ಪೊಗರು. ಸೊಕ್ಕು ಅಂದರೆ ಮೊದಲಿಗೆ ಮದ, ಅಮಲು. ಮದವೇರಿದ ಆನೆಗೆ ಸೊಕ್ಕಿದ ಆನೆ ಅನ್ನುತ್ತೇವೆ. ಕೊಬ್ಬು ಅಂತೂ ಮೈಯೊಳಗಿನದೇ. ಇವಕ್ಕೆ ನೋಡುವವರು ಬೇಕಿಲ್ಲ.

ಬಡಾಯಿಗೆ ಕೇಳುವ ಕಿವಿ ಬೇಕು. ಪೋಸಿಗೆ ನೋಡುವ ಕಣ್ಣು ಬೇಕು. ಆಡಂಬರಕ್ಕೆ ನೆಂಟರಿಷ್ಟರು ಬೇಕು. ನೋಡುವವರಿಲ್ಲದಿದ್ದರೆ ಉಳಿಯದೆ ಹೋಗುವ ಪದಗಳೇ ನಮಗೆ ಬೇಕಾದವು.

ಎರಡು ಪದ ಈ ಪರೀಕ್ಷೆಯಲ್ಲಿ ನಡುವೆ ನಿಲ್ಲುತ್ತವೆ. ಒಂದು ಧಿಮಾಕು. ಮಿದುಳಿಗೆ ಹೇಳುವ ‘ದಿಮಾಗ್’ನಿಂದ ಬಂದದ್ದು ಅದು, ಇರುವುದು ತಲೆಯೊಳಗೇ, ಆದರೂ ‘ಧಿಮಾಕು ತೋರಿಸ್ತಾನೆ’ ಅಂತೀವಿ. ಇನ್ನೊಂದು ಶೋಕಿ. ‘ಶೌಕ್’ ಅಂದರೆ ಆಸೆ, ಇಷ್ಟ; ಆ ವಾಸನೆ ಇನ್ನೂ ಹೋಗಿಲ್ಲ. ಶೋಕಿ ಮಾಡುವವನು ಅರ್ಧ ತನ್ನ ಖುಷಿಗೇ ಮಾಡುತ್ತಿರುತ್ತಾನೆ. ಅದಕ್ಕೇ ಶೋಕಿಲಾಲನನ್ನು ಕಂಡರೆ ಸಿಟ್ಟಿಗಿಂತ ನಗು ಬರುವುದು.

ಎಚ್ಚರಿಕೆ: ‘ಬಿಗುಮಾನ’ ಈ ಗುಂಪಿಗೆ ಸೇರಿದ್ದಲ್ಲ. ಬಿಗುಮಾನದವರು ಮಾತಾಡದೆ ದೂರ ನಿಲ್ಲುತ್ತಾರೆ, ತೋರಿಸಿಕೊಳ್ಳುವುದಿಲ್ಲ. ನಾಚಿಕೆ ಸ್ವಭಾವದವರನ್ನೂ ಜನ ಬಿಗುಮಾನ ಅಂತ ತಪ್ಪು ತಿಳಿಯುತ್ತಾರೆ, ಅದು ಬೇರೆ ಮಾತು.

2. ಬಾಯಲ್ಲೋ, ಮೈಯಲ್ಲೋ, ವಸ್ತುವಿನಲ್ಲೋ?

ಬಾಯಿಂದ ಶುರು ಮಾಡೋಣ, ಇಲ್ಲೇ ಪದಗಳು ಜಾಸ್ತಿ.

ಬಡಾಯಿ ಸಾಮಾನ್ಯವಾಗಿ ಇನ್ನೂ ಪರೀಕ್ಷೆಗೆ ಬೀಳದ ಶಕ್ತಿಯ ಬಗ್ಗೆ. ‘ನಾನಾಗಿದ್ರೆ ಒಂದೇ ಏಟಿಗೆ ಮುಗಿಸಿಬಿಡ್ತಿದ್ದೆ’ ಅನ್ನುವುದು ಶುದ್ಧ ಬಡಾಯಿ. ಇದರ ಮೂಲಪುರುಷ ವಿರಾಟಪರ್ವದ ಉತ್ತರಕುಮಾರ. ಕೌರವರು ಗೋವುಗಳನ್ನು ಹಿಡಿದಾಗ ಅಂತಃಪುರದ ಹೆಂಗಸರ ಮುಂದೆ ‘ಒಬ್ಬ ಸಾರಥಿ ಸಿಕ್ಕಿದ್ದರೆ ನೋಡಬೇಕಿತ್ತು’ ಅನ್ನುವ ಧಾಟಿಯಲ್ಲಿ ಹೇಳಿಕೊಂಡ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನೇ ಸಾರಥಿಯಾಗಿ ಹೊರಟ. ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ಉತ್ತರ ರಥದಿಂದ ಹಾರಿ ಓಡಿದ. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ಗಾದೆ ಅಲ್ಲಿಂದಲೇ ಬಂತು. ಇಲ್ಲಿ ಅವನು ಸುಳ್ಳು ಹೇಳಿದ ಅನ್ನುವ ಹಾಗಿಲ್ಲ, ಹೇಳುವಾಗ ಬಹುಶಃ ನಂಬಿಯೇ ಇದ್ದ. ಬಡಾಯಿಗೂ ಬುರುಡೆಗೂ ಇರುವ ಗೆರೆ ಇದೇ.

ಬುರುಡೆ ಬಿಡುವವನಿಗೆ ತಾನು ಹೇಳುತ್ತಿರುವುದು ಸುಳ್ಳು ಅಂತ ಚೆನ್ನಾಗಿ ಗೊತ್ತು. ರೈಲು ಬಿಡುವುದೂ ಹಾಗೇ, ಸ್ವಲ್ಪ ಉದ್ದ, ಬೋಗಿ ಮೇಲೆ ಬೋಗಿ. ಕಾಗೆ ಹಾರಿಸುವುದರಲ್ಲಿ ತನ್ನ ಹೆಚ್ಚುಗಾರಿಕೆ ಇರಲೇಬೇಕಿಲ್ಲ, ಬರೀ ನಂಬಿಸುವ ಸುಳ್ಳಾದರೂ ಸಾಕು. ಆದ್ದರಿಂದ ತೋರಿಸಿಕೊಳ್ಳುವವನಿಗೆ ‘ಕಾಗೆ ಹಾರಿಸ್ತಾನೆ’ ಅಂತ ಬರೆದರೆ ಅರ್ಥ ಪಕ್ಕಕ್ಕೆ ಸರಿಯುತ್ತದೆ.

‘ಕೊಚ್ಚಿಕೊಳ್ಳು’ ಬೇರೆ. ಇದರಲ್ಲಿ ವಿಷಯ ನಿಜ ಇರಬಹುದು. ಮಗಳಿಗೆ ರ‍್ಯಾಂಕ್ ಬಂದದ್ದು ನಿಜ, ಸೈಟು ತಗೊಂಡದ್ದೂ ನಿಜ, ಆದರೆ ಕೇಳದಿದ್ದರೂ ಬಾರಿ ಬಾರಿಗೆ ಹೇಳುತ್ತಾರೆ. ಬಡಾಯಿ ಹೆಚ್ಚಾಗಿ ನಾಳೆಯ ಬಗ್ಗೆ, ಕೊಚ್ಚಿಕೊಳ್ಳುವುದು ನಿನ್ನೆಯ ಬಗ್ಗೆ ಅಂತ ಇಟ್ಟುಕೊಂಡರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ.

ಮೈಗೆ ಬಂದರೆ ಠೀವಿ, ಗತ್ತು, ಬಿಂಕ, ಪೋಸು. ಪೋಸು ಒಂದು ಗಳಿಗೆಯದು, ಕೊಟ್ಟು ಮುಗಿಯುತ್ತದೆ. ಗತ್ತು ಆ ಮನುಷ್ಯನ ನಡಿಗೆಯಲ್ಲೇ ಇರುತ್ತದೆ, ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಹೋದರೂ ಬಿಡುವುದಿಲ್ಲ. ಬಿಂಕದಲ್ಲಿ ಸ್ವಲ್ಪ ಕೊಂಕು, ಸ್ವಲ್ಪ ಸೆಳೆತ ಎರಡೂ ಸೇರಿರುತ್ತವೆ. ‘ಬಿಂಕ ಬಿನ್ನಾಣ’ ಅಂತ ಜೋಡಿಯಾಗಿ ಹೆಂಗಸರ ಬಗ್ಗೆಯೇ ಬಳಸಿ ಬಳಸಿ ರೂಢಿಯಾಗಿದೆ. ಗಂಡಸಿಗೆ ಹಾಕಿದರೆ ಓದುಗರು ನಗುತ್ತಾರೆ. ನಗಿಸುವುದೇ ಉದ್ದೇಶ ಆಗಿದ್ದರೆ ಸರಿ.

ವಸ್ತು, ದುಡ್ಡು, ಸಮಾರಂಭದ ವಿಷಯಕ್ಕೆ ಶೋಕಿ, ಡೌಲು, ಆಡಂಬರ, ದೌಲತ್ತು. ಶೋಕಿ ಒಬ್ಬನ ಮೈಮೇಲಿನದು, ಕೈಯಲ್ಲಿನದು: ಶೂ, ವಾಚು, ತಲೆಗೂದಲು, ಬೈಕು. ಆಡಂಬರ ಮನೆತನದ್ದು, ಸಮಾರಂಭದ್ದು. ಸಂಸ್ಕೃತದಲ್ಲಿ ಆಡಂಬರಕ್ಕೆ ಒಂದು ಬಗೆಯ ಭೇರಿ ಅನ್ನುವ ಅರ್ಥವೂ ಇತ್ತು. ಇವತ್ತಿನ ಕಲ್ಯಾಣಮಂಟಪದಲ್ಲಿ ನಿಂತರೆ ಆ ಅರ್ಥ ಪೂರ್ತಿ ಹೋಗಿಲ್ಲ ಅನಿಸುತ್ತದೆ. ದೌಲತ್ತು ಅಂದರೆ ಮೂಲದಲ್ಲಿ ಐಶ್ವರ್ಯ, ಆಳ್ವಿಕೆ. ಹಾಗಾಗಿ ಬರೀ ದುಡ್ಡು ತೋರಿಸಿದರೆ ಸಾಲದು, ಅದರ ಹಿಂದೆ ‘ನಾನು ಯಾರು ಗೊತ್ತಾ?’ ಅನ್ನುವ ದಬ್ಬಾಳಿಕೆ ಇರಬೇಕು. ಟೋಲ್ ಗೇಟಿನಲ್ಲಿ ಕಾರು ನಿಲ್ಲಿಸಿ ಕೂಗಾಡುವವರದ್ದು ದೌಲತ್ತು. ಅದೇ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಶೋಕಿ.

3. ಒಳಗೆ ಸರಕು ಇದೆಯಾ?

ಎರಡು ಗಾದೆ ಇಟ್ಟುಕೊಂಡು ಅಳೆಯಿರಿ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.’ ಇಲ್ಲಿ ಸರಕು ಇಲ್ಲ, ತೋರಿಕೆ ಮಾತ್ರ ಇದೆ. ಇದು ಡೌಲಿನ ಜಾಗ. ಡೌಲು ಅಂದ ಕೂಡಲೇ ಕೇಳುವವರಿಗೆ ‘ಸಾಲ ಎಷ್ಟಿದೆಯೋ’ ಅನ್ನುವ ಅನುಮಾನ ಬರುತ್ತದೆ.

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ.’ ಇಲ್ಲಿ ಐಶ್ವರ್ಯ ನಿಜವಾಗಿಯೂ ಬಂದಿದೆ. ಕೊಡೆ ಒಂದು ಕಾಲಕ್ಕೆ ರಾಜರ ಗುರುತು, ನೆರಳಿಗೆ ಮಾತ್ರ ಅಲ್ಲ. ಇದಕ್ಕೆ ಡೌಲು ಅಂದರೆ ಸಪ್ಪೆ. ದೌಲತ್ತು ಅಥವಾ ‘ಮೆರೀತಿದ್ದಾನೆ’ ಸರಿಯಾಗಿ ಕೂರುತ್ತದೆ.

ಜಂಬ ಎರಡೂ ಕಡೆ ನಡೆಯುತ್ತದೆ. ಸರಕು ಇಲ್ಲ ಅನ್ನುವುದನ್ನು ಒತ್ತಿ ಹೇಳಬೇಕಿದ್ದರೆ ಮುಂದೆ ‘ಒಣ’ ಸೇರಿಸಿ: ಒಣಜಂಬ, ಒಣಪ್ರತಿಷ್ಠೆ, ಒಣಹೆಮ್ಮೆ. ಆದರೆ ಈ ‘ಒಣ’ ಎಲ್ಲದಕ್ಕೂ ಅಂಟುವುದಿಲ್ಲ. ಒಣಶೋಕಿ ಅಂತ ಬರೆದರೆ ಯಂತ್ರ ಅನುವಾದ ಮಾಡಿದ ಹಾಗೆ ಕೇಳುತ್ತದೆ.

ತೋರಿಸುತ್ತಿರುವುದು ದುಡ್ಡಲ್ಲ, ಒಳ್ಳೆಯತನ ಅಥವಾ ಭಕ್ತಿ ಅಂದರೆ ದಾರಿ ಬೇರೆ. ಅಲ್ಲಿಗೆ ಡಂಭಾಚಾರ, ಡಾಂಭಿಕ, ಸೋಗು. ಭಗವದ್ಗೀತೆಯ 16ನೇ ಅಧ್ಯಾಯದ 4ನೇ ಶ್ಲೋಕ ಆಸುರೀ ಗುಣಗಳನ್ನು ಹೇಳುವಾಗ ಸಾಮಾನ್ಯ ಪಾಠದಲ್ಲಿ ‘ದಂಭೋ ದರ್ಪೋಽಭಿಮಾನಶ್ಚ’ ಅಂತ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ದಂಭ ಅಂದರೆ ಇಲ್ಲದ ಧರ್ಮವನ್ನು ಇದೆ ಅಂತ ತೋರಿಸುವುದು. ‘ಸೋಗು’ ಅಂದರೆ ವೇಷ, ಅದನ್ನು ಹಾಕಬೇಕು. ಇನ್ನೊಂದು ಹೆಜ್ಜೆ ಮುಂದೆ ಹೋದರೆ ‘ಡೋಂಗಿ’, ಅಲ್ಲಿಗೆ ವಂಚನೆ ಶುರುವಾಯಿತು. ಸುಮ್ನೆ ಶೋಕಿ ಮಾಡುವವನಿಗೆ ಡೋಂಗಿ ಅಂದರೆ ಜಗಳ ಗ್ಯಾರಂಟಿ.

4. ಕ್ರಿಯಾಪದ ಸರಿ ಇದೆಯಾ ನೋಡಿ

ಪದ ಸರಿಯಿದ್ದೂ ವಾಕ್ಯ ಕೆಡುವುದು ಜೊತೆಪದದಿಂದ. ಬಾಯಿಗೆ ಬರುವ ಹಾಗೆ ಇವನ್ನು ಒಮ್ಮೆ ಜೋರಾಗಿ ಓದಿಕೊಳ್ಳಿ: ಜಂಬ ಪಡು, ಜಂಬ ಕೊಚ್ಚು, ಬಡಾಯಿ ಕೊಚ್ಚು, ಬುರುಡೆ ಬಿಡು, ಶೋಕಿ ಮಾಡು, ಪೋಸು ಕೊಡು, ಬಿಲ್ಡಪ್ ಕೊಡು, ಧಿಮಾಕು ತೋರಿಸು, ದೌಲತ್ತು ತೋರಿಸು, ಸೋಗು ಹಾಕು.

ಇದರಲ್ಲಿ ಜಂಬದ ಎರಡು ರೂಪ ಗಮನಿಸಿ. ‘ಜಂಬ ಪಡ್ತಾಳೆ’ ಅಂದರೆ ಮನಸ್ಸಲ್ಲೇ ಉಬ್ಬಿದ್ದಾಳೆ, ಮುಖದಲ್ಲಿ ಕಾಣುತ್ತಿದೆ. ‘ಜಂಬ ಕೊಚ್ತಾಳೆ’ ಅಂದರೆ ಬಾಯಿ ಬಿಟ್ಟಿದ್ದಾಳೆ. ಪದ ಒಂದೇ, ಎರಡನೇ ಹಂತದಲ್ಲಿ ನೋಡಿದ ಜಾಗ ಮಾತ್ರ ಮೈಯಿಂದ ಬಾಯಿಗೆ ಬದಲಾಯಿತು. ಠೀವಿ ಮತ್ತು ಗತ್ತಿಗೆ ‘ಮಾಡು’ ಹಚ್ಚಬೇಡಿ. ಠೀವಿಯಿಂದ ನಡೆದ, ಗತ್ತಿನಿಂದ ಕೂತ ಅಂತ ಬರಬೇಕು.

‘ಬೀಗು’, ‘ಮೆರೆ’ ಎರಡಕ್ಕೂ ಜೊತೆ ಬೇಕಿಲ್ಲ, ತಾವೇ ಕ್ರಿಯಾಪದ. ಆದರೆ ಛಾಯೆಯ ವಿಷಯದಲ್ಲಿ ಇವು ಪಕ್ಕಾ ಎರಡು ಮುಖದವು.

5. ಹೊಗಳುತ್ತಿದ್ದೀರಾ, ತೆಗಳುತ್ತಿದ್ದೀರಾ?

ಪತ್ರಿಕೆಯಲ್ಲಿ ‘ಮಾನವೀಯತೆ ಮೆರೆದ ಪೊಲೀಸರು’ ಅಂತ ಓದಿರುತ್ತೀರಿ, ಅದು ಹೊಗಳಿಕೆ. ಅದೇ ಪುಟದಲ್ಲಿ ‘ದರ್ಪ ಮೆರೆದ ಅಧಿಕಾರಿ’ ಅಂತಲೂ ಬರಬಹುದು. ಹಿಂದೆ ಇರುವ ನಾಮಪದವೇ ಎಲ್ಲ ನಿರ್ಧಾರ ಮಾಡುತ್ತದೆ. ಹಿಂದೆ ಏನೂ ಇಲ್ಲದೆ ಬರೀ ‘ಮೆರೀತಿದ್ದಾನೆ’ ಅಂದರೆ ತೆಗಳಿಕೆಯೇ, ಮತ್ತು ಅದರ ಜೊತೆ ‘ಎಷ್ಟು ದಿನ ನೋಡೋಣ’ ಅನ್ನುವ ಮಾತು ಹೇಳದೆಯೂ ಕೇಳುತ್ತದೆ. ದೇವರು ಮಾತ್ರ ಮೆರವಣಿಗೆಯಲ್ಲಿ ಮೆರೆದರೆ ಯಾರ ತಕರಾರೂ ಇಲ್ಲ. ‘ಬೀಗು’ ಕೂಡ ಹೀಗೇ. ಕ್ರೀಡಾಪುಟದಲ್ಲಿ ‘ಗೆದ್ದು ಬೀಗಿದ’ ಅಂದರೆ ಸಂಭ್ರಮ. ‘ನಾಲ್ಕು ಕಾಸು ಬಂತು ಅಂತ ಬೀಗ್ತಿದ್ದಾನೆ’ ಅಂದರೆ ಹೊಟ್ಟೆಕಿಚ್ಚೋ ತಾತ್ಸಾರವೋ ಎರಡೂನೋ.

ಠೀವಿ, ಗತ್ತು ಬಹುಮಟ್ಟಿಗೆ ಮೆಚ್ಚುಗೆಯವು. ದಸರೆಯ ದಿನ 750 ಕೆ.ಜಿ. ತೂಕದ ಅಂಬಾರಿ ಹೊತ್ತು ಆನೆ ನಡೆಯುವುದಕ್ಕೆ ಠೀವಿ, ಗಾಂಭೀರ್ಯ, ಗತ್ತು ಯಾವುದು ಬೇಕಾದರೂ ಹಾಕಿ, ನಡೆಯುತ್ತದೆ. ಜಂಬ ಹಾಕಿದರೆ ಮಾತ್ರ ಮಕ್ಕಳ ಕಥೆ ಆಗಿಬಿಡುತ್ತದೆ.

ದಸರೆಯ ಮಾತು ಬಂತಲ್ಲ, ವೈಭವ, ಅದ್ದೂರಿ, ಆಡಂಬರ ಮೂರನ್ನೂ ಇಲ್ಲೇ ಬಿಡಿಸಿಕೊಳ್ಳಿ. ವೈಭವ ಪೂರ್ತಿ ಹೊಗಳಿಕೆ. ಅದ್ದೂರಿ ಸುದ್ದಿಯವರ ಪದ, ಖರ್ಚು ಜೋರು ಅಂತ ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಆಡಂಬರ ತೀರ್ಪು ಕೊಟ್ಟೇಬಿಡುತ್ತದೆ. ಕೋವಿಡ್ ಕಾಲದ 2020, 2021ರ ದಸರೆಗಳಿಗೆ ‘ಸರಳ ದಸರಾ’ ಅಂದರು. ಆ ‘ಸರಳ’ಕ್ಕೆ ಎದುರು ಪದ ‘ಅದ್ದೂರಿ’ ಅಂದರೆ ನೀವು ಆಯೋಜಕರ ಕಡೆ, ‘ಆಡಂಬರ’ ಅಂದರೆ ಟೀಕಾಕಾರರ ಕಡೆ. ಮದುವೆಗೂ ಇದೇ. ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದ ಹಾದಿ ಹಿಡಿದವರ ಬಾಯಲ್ಲಿ ‘ಆಡಂಬರದ ಮದುವೆ’ ಬರುತ್ತದೆ. ಮದುವೆ ಮನೆಯವರ ಮುಂದೆ ಮರೆತೂ ಆ ಪದ ಬಳಸಬೇಡಿ, ‘ಬಹಳ ಅದ್ದೂರಿಯಾಗಿ ಮಾಡಿದ್ರಿ’ ಅನ್ನಿ, ಊಟ ಮಾಡಿ ಬನ್ನಿ.

‘ಅಭಿಮಾನ’ದ ಕಥೆ ವಿಚಿತ್ರ. ಗೀತೆಯಲ್ಲಿ ದಂಭ, ದರ್ಪದ ಪಕ್ಕ ಕೂತ ಪದ ಕನ್ನಡದಲ್ಲಿ ಪೂರ್ತಿ ಒಳ್ಳೆಯದಾಗಿದೆ: ಭಾಷಾಭಿಮಾನ, ಸ್ವಾಭಿಮಾನ, ಅಭಿಮಾನಿ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಅನ್ನುತ್ತಿದ್ದರು. ತೆಗಳಬೇಕು ಅಂದರೆ ‘ದುರಭಿಮಾನ’ ಅಂತ ಮುಂದೆ ‘ದುರ್’ ಹಚ್ಚಲೇಬೇಕು. ಹಾಗೇ ‘ಹಮ್ಮುಬಿಮ್ಮು’ ಹೆಚ್ಚಾಗಿ ಬರುವುದು ‘ಇಲ್ಲದ’ ಜೊತೆಗೇ. ಸನ್ಮಾನದ ಭಾಷಣದಲ್ಲಿ ‘ಹಮ್ಮುಬಿಮ್ಮು ಇಲ್ಲದ ವ್ಯಕ್ತಿ’ ಅನ್ನುತ್ತಾರೆ. ಇದ್ದವರಿಗೆ ‘ಹಮ್ಮುಬಿಮ್ಮಿನ ವ್ಯಕ್ತಿ’ ಅಂದದ್ದು ಕೇಳಿದ್ದೀರಾ?

6. ಯಾರಿಗೆ, ಯಾವ ಊರಲ್ಲಿ?

ಮಕ್ಕಳಿಗೆ ಜಂಬ ಸಾಕು. ‘ಜಂಬದ ಕೋಳಿ’ ಅಂದರೆ ಮುದ್ದಿನ ಛೇಡಿಕೆ, ಮಗು ಅಳುವುದಿಲ್ಲ. ವ್ಯಾನಿಟಿ ಬ್ಯಾಗಿಗೆ ‘ಜಂಬದ ಚೀಲ’ ಅಂತ ಹೆಸರಿಟ್ಟದ್ದೂ ಈ ಹಗುರ ಛಾಯೆಯಿಂದಲೇ. ಮಗುವಿಗೆ ‘ಕೊಬ್ಬು’ ಅಂದರೆ ಏಟು ಬೀಳುವುದು ಬಾಕಿ ಅಂತ ಅರ್ಥ. ಹಿರಿಯರ ಬಗ್ಗೆ ಅವರ ಎದುರಿಗೆ ಇದ್ಯಾವುದನ್ನೂ ಹೇಳುವಂತಿಲ್ಲ, ‘ಅವರಿಗೆ ಸ್ವಲ್ಪ ಪ್ರತಿಷ್ಠೆ’ ಅಂತ ಹಿಂದಿನಿಂದ ಅನ್ನಬಹುದು ಅಷ್ಟೇ.

ಉತ್ತರ ಕರ್ನಾಟಕದ ಪಾತ್ರ ಬರೆಯುತ್ತಿದ್ದರೆ ‘ಬಡಿವಾರ’ ನೆನಪಿರಲಿ. ಬಡಾಯಿ, ಡೌಲು ಎರಡರ ಕೆಲಸವನ್ನೂ ಅದು ಮಾಡುತ್ತದೆ. ‘ಭಾಳ ಬಡಿವಾರ ಮಾಡಬ್ಯಾಡ’ ಅಂದರೆ ಮುಗೀತು. ಬೆಂಗಳೂರಿನ ಹುಡುಗರಿಗೆ ಬಿಲ್ಡಪ್, ಸ್ಕೋಪು. ‘ಸ್ಕೋಪ್ ತಗೋತಾನೆ’ ಅಂದರೆ ಹುಡುಗಿಯರ ಮುಂದೆಯೋ ಗೆಳೆಯರ ಮುಂದೆಯೋ ಮಿಂಚಲು ನೋಡುವುದು. ಬಿಲ್ಡಪ್ಪನ್ನು ಮಾತ್ರ ಬಡಾಯಿಗೆ ಬದಲಿ ಅಂತ ತಿಳಿಯಬೇಡಿ. ಬಡಾಯಿ ತಾನೇ ಕೊಚ್ಚಿಕೊಳ್ಳಬೇಕು, ಬಿಲ್ಡಪ್ಪನ್ನು ಬೇರೆಯವರೂ ಕೊಡಬಹುದು. ಸಿನಿಮಾದಲ್ಲಿ ಹೀರೊ ಬರುವ ಮುಂಚೆ ವಿಲನ್ ಕಡೆಯವರೇ ಕೊಡುತ್ತಾರಲ್ಲ, ಅದು.

7. ಒಂದೇ ಸನ್ನಿವೇಶದಲ್ಲಿ ಎಲ್ಲ ಪದ ಹಾಕಿ ನೋಡಿ

ಮಂಜ ಹೊಸ ಬೈಕ್ ತಗೊಂಡಿದ್ದಾನೆ. ಈಗ ಪದ ಬದಲಿಸುತ್ತಾ ಹೋಗಿ, ಪ್ರತಿ ಸಲ ಹೇಳುವವರು ಯಾರು ಅಂತ ಕಣ್ಣಿಗೆ ತಂದುಕೊಳ್ಳಿ.

‘ಹೊಸ ಬೈಕ್ ಅಂತ ಮಂಜಂಗೆ ಜಂಬ.’ ಹೇಳುವವರು ಅತ್ತೆಯೋ ಅಕ್ಕನೋ, ನಗುತ್ತಿದ್ದಾರೆ.

‘ಬೈಕ್ ಬಗ್ಗೆ ಬಡಾಯಿ ಕೊಚ್ತಿದ್ದಾನೆ.’ ಬೈಕ್ ಇಲ್ಲಿಲ್ಲ, ಮನೆಯಲ್ಲಿದೆ. ಮಂಜ ಟೀ ಅಂಗಡಿಯಲ್ಲಿ ನಿಂತು ಮೈಲೇಜ್ ಹೇಳುತ್ತಿದ್ದಾನೆ.

‘ಬೈಕಲ್ಲಿ ಶೋಕಿ ಮಾಡ್ಕೊಂಡು ತಿರುಗ್ತಾನೆ.’ ಇದು ಅಪ್ಪನ ಮಾತು. ಪೆಟ್ರೋಲಿಗೆ ದುಡ್ಡು ಯಾರದು ಅನ್ನುವುದು ಕೇಳುವವರಿಗೆ ಗೊತ್ತು.

‘ಬೈಕ್ ಮೇಲೆ ಪೋಸು ಕೊಡ್ತಿದ್ದಾನೆ.’ ಬೈಕ್ ಸ್ಟ್ಯಾಂಡ್ ಹಾಕಿ ನಿಂತಿದೆ. ಅದು ಅವನದ್ದೇ ಅಂತಲೂ ಹೇಳಲಾಗದು.

‘ಏನು ಡೌಲು ಅವಂದು!’ ಹೇಳುವವರಿಗೆ ಇಎಂಐ ಎಷ್ಟು, ಎಷ್ಟು ಕಂತು ಬಾಕಿ ಎಲ್ಲ ಗೊತ್ತು.

‘ಬೈಕ್ ಬಂದ ಮೇಲೆ ಧಿಮಾಕು.’ ಮಂಜ ಲಿಫ್ಟ್ ಕೊಡದೆ ಹೋಗಿದ್ದಾನೆ.

‘ಬೈಕಲ್ಲಿ ಗತ್ತಾಗಿ ಬಂದ.’ ಹೇಳುವವರಿಗೆ ಮಂಜ ಇಷ್ಟ.

ನಿಮ್ಮ ವಾಕ್ಯವನ್ನೂ ಹೀಗೆ ತಿರುಗಿಸಿ. ಯಾವ ಪದ ಹಾಕಿದಾಗ ನೀವು ಅಂದುಕೊಂಡ ಮನುಷ್ಯನೇ ಮಾತಾಡಿದ ಹಾಗೆ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಆಮೇಲೂ ಕೇಳುವ ಎರಡು ಪ್ರಶ್ನೆ

ಜಂಬವೋ ಜಂಭವೋ? ಎರಡೂ ಅಚ್ಚಿನಲ್ಲಿವೆ. ಆಡುಮಾತಿಗೆ ‘ಜಂಬ’ ಹತ್ತಿರ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ಧಿಮಾಕು, ದಿಮಾಕಿಗೂ ಇದೇ ಉತ್ತರ.

‘ಅಯ್ಯೋ, ವರ್ಷಕ್ಕೆ ಮೂರು ಸಲ ಫಾರಿನ್‌ಗೆ ಹೋಗಿ ಹೋಗಿ ಸುಸ್ತಾಗಿದೆ ಕಣ್ರೀ’ ಅನ್ನುವ ಥರದ್ದಕ್ಕೆ ಏನು ಹೇಳಬೇಕು? ಇದಕ್ಕೆ ಅಂತ ರೂಢಿಯಾದ ಒಂದು ಪದ ಕನ್ನಡದಲ್ಲಿ ಇಲ್ಲ. ಹೊಸದಾಗಿ ಸಂಸ್ಕೃತ ಜೋಡಿಸಿ ಹುಟ್ಟಿಸಲು ಹೋಗಬೇಡಿ, ಓದುಗರು ಅಲ್ಲೇ ನಿಂತುಬಿಡುತ್ತಾರೆ. ‘ಕಷ್ಟ ಹೇಳ್ಕೊಳ್ಳೋ ನೆಪದಲ್ಲಿ ಕೊಚ್ಚಿಕೊಂಡ್ರು’ ಅಂತ ಬಿಡಿಸಿ ಬರೆಯಿರಿ.